ಹಣ್ಣಾದದ್ದು ಯಾವುದು

"ಕಣ್ಣು ಎಲ್ಲಿ ಇಟ್ಟಿದ್ದಿ ಮಾರಾಯ? ಇದೆಲ್ಲ ಬರೀ ಹಸಿರು!"

ಏಣಿಯ ಬುಡದಲ್ಲಿ ನಿಂತು ಆಲೆಟ್ಟಿಯ ಚೆನ್ನಕೇಶವ ಮಗ ಸುಜಯ್‌ಗೆ ಪ್ರತಿ ವರ್ಷವೂ ಹೀಗೇ ಬೈಯುತ್ತಿದ್ದ. ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದ ಮೇಲೆಯೇ ಕಾಳುಮೆಣಸು ಕೊಯ್ಯಬೇಕು. ಸುಜಯ್ ಎಳೆಯದನ್ನು ಕಿತ್ತು ಹಣ್ಣಾದದ್ದನ್ನು ಬಳ್ಳಿಯಲ್ಲೇ ಬಿಡುತ್ತಿದ್ದ. ಸೋಮಾರಿ ಎಂಬ ಹೆಸರು ಕೆಲಸದವರ ಬಾಯಲ್ಲೂ ನಿಂತಿತು.

ರೈಲು ಚಾಲಕನ ಹುದ್ದೆಯ ಪರೀಕ್ಷೆ ಪಾಸಾದವನನ್ನು ವೈದ್ಯಕೀಯ ತಪಾಸಣೆಯಲ್ಲಿ ಕೈಬಿಟ್ಟಾಗ, ಚೆನ್ನಕೇಶವ ಮತ್ತು ಹೆಂಡತಿ ದುಗ್ಗಮ್ಮ ಅವನನ್ನು ಪುತ್ತೂರಿನ ಕಣ್ಣಿನ ಡಾಕ್ಟರು ಅನಘಾ ಅವರಲ್ಲಿಗೆ ಕರೆತಂದರು.

ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ಬಿಡಿಸಿದರು. ಚೆನ್ನಕೇಶವನಿಗೆ ಚುಕ್ಕಿಗಳ ನಡುವೆ ಎಪ್ಪತ್ತನಾಲ್ಕು ಸ್ಪಷ್ಟವಾಗಿ ಕಂಡಿತು.

"ಇಪ್ಪತ್ತೊಂದು," ಎಂದ ಸುಜಯ್. ಮುಂದಿನ ಪುಟಕ್ಕೆ, "ಇದರಲ್ಲಿ ಎಂತದೂ ಇಲ್ಲ."

"ಹುಟ್ಟಿನಿಂದಲೇ ಇರುವ ಕೆಂಪು-ಹಸಿರು ವರ್ಣಾಂಧತೆ," ಎಂದರು ಡಾಕ್ಟರು. "ಕೆಲವರಲ್ಲಿ ಕೆಂಪು ಗ್ರಹಿಸುವ ಕೋಶದ ತೊಂದರೆ, ಕೆಲವರಲ್ಲಿ ಹಸಿರಿನದ್ದು. ಇವರದ್ದು ಹಸಿರಿನ ಬಗೆ ಅಂತ ಕಾಣ್ತದೆ. ಖಚಿತಕ್ಕೆ ಬೇರೆ ಯಂತ್ರ ಬೇಕು. ಹೆಚ್ಚಾಗುದಿಲ್ಲ. ಗುಣ ಮಾಡುವ ಮದ್ದೂ ಇಲ್ಲ."

"ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ ಡಾಕ್ಟ್ರೆ," ಎಂದ ಚೆನ್ನಕೇಶವ.

"ಇದು ಅಪ್ಪನಿಂದ ಮಗನಿಗೆ ಬರುದಿಲ್ಲ. ಅಮ್ಮನ ಮೂಲಕ ಬರ್ತದೆ. ಅವರಿಗೆ ಬಣ್ಣ ಸರಿಯೇ ಕಾಣ್ತದೆ, ಗೊತ್ತೇ ಆಗುದಿಲ್ಲ. ಅವರ ತಪ್ಪಲ್ಲ."

ಕೊನೆಯ ಮಾತು ಚೆನ್ನಕೇಶವನ ಕಿವಿಗೆ ಬೀಳಲಿಲ್ಲ. "ಕೇಳಿತಾ? ನಿನ್ನ ತವರಿನಿಂದ ತಂದದ್ದು," ಎಂದು ಹೆಂಡತಿಯ ಕಡೆ ತಿರುಗಿದ.

ದುಗ್ಗಮ್ಮ ತಲೆ ತಗ್ಗಿಸಲಿಲ್ಲ. "ಹೌದು. ಎಲೆಯ ನಡುವೆ ಕೆಂಪು ದಾಸವಾಳ ನನ್ನಪ್ಪನಿಗೂ ಕಾಣ್ತಿರಲಿಲ್ಲ. ನಾವು ನಗಾಡಿದ್ದುಂಟು. ಆದರೆ ಸೋಮಾರಿ ಅಂತ ಯಾರೂ ಕರೆಯಲಿಲ್ಲ. ಆ ಹೆಸರು ನಾನು ತಂದದ್ದಲ್ಲ."

ಸುಜಯ್ ಪುಸ್ತಕದ ಮೇಲಿನ ಕಣ್ಣು ತೆಗೆಯಲಿಲ್ಲ. "ಕಾಣುದಿಲ್ಲ ಅಂತ ಎಷ್ಟು ಸಲ ಹೇಳಿದೆ ಅಪ್ಪ."

ಮೂವರೂ ಸುಳ್ಯದ ಬಸ್ಸು ಹತ್ತಿ ಊರಿಗೆ ಮರಳಿದರು.

ಮರುದಿನ ಬೆಳಿಗ್ಗೆ ಸುಜಯ್ ಏಣಿ ಹತ್ತಿದ್ದೇ ತಡ, ಕೆಲಸದ ಅವಿನ್ ಕೆಳಗಿನಿಂದ ಕೂಗಿದ: "ಸುಜಯಣ್ಣ, ಇವತ್ತೂ ಹಸಿರೇನಾ?"

ಅವಿನ್ ಜೊತೆಗಿದ್ದವರು ನಕ್ಕರು.

"ನಗುದು ಸಾಕು," ಎಂದ ಚೆನ್ನಕೇಶವ. "ಅವನಿಗೆ ಈ ಕೆಂಪು ಹಸಿರು ಬೇರೆಯಾಗಿ ಕಾಣುದಿಲ್ಲ. ಹುಟ್ಟಿನಿಂದ. ಇಷ್ಟು ವರ್ಷ ಸುಮ್ಮನೆ ಬೈದದ್ದು ನಾನು." ಅವನು ಮೇಲೆ ನೋಡಿ ದನಿ ತಗ್ಗಿಸಿದ. "ನಿನ್ನ ಬಲಗೈ ಹತ್ತಿರದ್ದು ಹಣ್ಣಾಗಿದೆ, ಮಗ."

ಸುಜಯ್ ಆ ಗೊಂಚಲು ಕಿತ್ತು ಬುಟ್ಟಿಗೆ ಹಾಕಿದ. ಆಮೇಲೆ ಅವನು ಇಳಿದು ಬಂದು ಬುಟ್ಟಿಯನ್ನು ಅಪ್ಪನ ಕೈಗೆ ಕೊಟ್ಟ.

"ಇವತ್ತು ನೀವು ಹತ್ತಿ. ನಾನು ಏಣಿ ಹಿಡೀತೇನೆ."

ಚೆನ್ನಕೇಶವ ಹತ್ತಿದ. ಏಣಿ ಅಲುಗಲಿಲ್ಲ.