ಹಾಡುವ ಗೆರೆ

"ಏನೇ ಗುಬ್ಬಿ, ಇದು ಹಾಡೋದೋ ಅಳೋದೋ? ಒಳ್ಳೆ ಹೆಣದ ಮುಂದೆ ಕೂತ ಹಾಗಿದೆ!" ಅಕ್ಕ ಫೋನನ್ನು ಊಟದ ಮೇಜಿನ ಮೇಲೆ ಅತ್ತ ನೂಕಿ ನಕ್ಕಳು.

ಗುಬ್ಬಿಯ ಮುಖ ಸಪ್ಪಗಾಯಿತು. ಇದ್ದ ಕೆಲಸ ಹೋಗಿ ಅಕ್ಕನ ಮನೆ ಸೇರಿದ್ದ ಅವಳು, ಕಸುಬು ಮರೆತುಹೋಗಬಾರದೆಂದು ಒಂದು ಪಂಥಕ್ಕೆ ಬಿದ್ದಿದ್ದಳು. ಆ್ಯಪ್ ವಿನ್ಯಾಸ ಮಾಡುವವರದೇ ಒಂದು ಗುಂಪು. ದಿನಕ್ಕೊಂದು ಆ್ಯಪ್ ಕಟ್ಟಬೇಕು. ಉಪಯೋಗಕ್ಕೆ ಬಾರದಿದ್ದರೂ ಅಡ್ಡಿಯಿಲ್ಲ, ಯಾರೂ ಕಂಡಿರದಂಥದ್ದಾಗಿರಬೇಕು. ಹೊರಗಿನವರೊಬ್ಬರ ಕೈಯಲ್ಲಿ ಆಡಿಸಿ ತೋರಿಸಲೂಬೇಕು. ಆ ಹೊರಗಿನವರು ಅಂದರೆ ಅಕ್ಕನೇ. ನಿನ್ನೆಯದು ನೆರಳನ್ನು ತೂಗುವ ಆ್ಯಪ್. ಇವತ್ತಿನದು ಹಾಡುವ ಗೆರೆ: ಪರದೆಯ ಮೇಲೆ ಬೆರಳೆಳೆದರೆ ಗೆರೆ ಮೂಡುತ್ತದೆ, ಗೆರೆ ಹೇಗೋ ದನಿ ಹಾಗೆ.

ಅಕ್ಕನ ಗೆರೆ ಗರಗಸದ ಹಲ್ಲಿನಂತೆ ಬಂದಿತ್ತು.

"ನಿಂದಲ್ಲ ಬಿಡಕ್ಕ, ಫೋನಿಂದೇ ತಪ್ಪು."

ಅಕ್ಕನ ಕೈಯನ್ನು ಅನುಮಾನಿಸುವುದುಂಟೆ? ಕೋಟು ಹೊಲಿಯುವ ದೊಡ್ಡ ಅಂಗಡಿಯ ಕಟಿಂಗ್ ಮಾಸ್ಟರ್ ಅವಳು. ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಒಂದೇ ಉಸಿರಿಗೆ ಕತ್ತರಿ ಓಡಿಸಿದಳೆಂದರೆ ಹೊಲಿಯುವವರು ಕಣ್ಣು ಮುಚ್ಚಿ ಹೊಲಿಯಬಹುದು.

ಅಕ್ಕ ಚಹಾದ ಲೋಟ ಬರಿದು ಮಾಡುವಷ್ಟರಲ್ಲಿ ಗುಬ್ಬಿ ಆ್ಯಪಿಗೆ ನುಣುಪು ಸೇರಿಸಿದಳು. ಬೆರಳು ಹೇಗೇ ಹೋಗಲಿ, ಅಂಕುಡೊಂಕನ್ನೆಲ್ಲ ಆ್ಯಪೇ ನೀವಿ ನೇರ ಮಾಡುತ್ತದೆ. ಆ ಕಸುಬಿನಲ್ಲಿ ಎಲ್ಲರೂ ಮಾಡುವುದೇ ಅದು.

"ಈಗ ಎಳಿ. ಫೋನು ಸರಿ ಮಾಡಿದೀನಿ."

ಜೇನು ಇಳಿದಂತೆ ದನಿ ಬಂತು. ಅಕ್ಕ ಇನ್ನೊಮ್ಮೆ ಎಳೆದಳು, ಮತ್ತೂ ಒಮ್ಮೆ. ತನ್ನ ಬೆರಳನ್ನೇ ನೋಡಿಕೊಂಡಳು. "ಹಂಗಾದ್ರೆ ಫೋನಿಂದೇ ತಪ್ಪಾ!" ಎಂದು ಚೀಲ ಹೆಗಲಿಗೇರಿಸಿ, ಹಾಡು ಗುನುಗುತ್ತ ಕೆಲಸಕ್ಕೆ ಹೊರಟಳು.

ಗುಂಪಿನವರು ಗುಬ್ಬಿಯನ್ನು ಹೊಗಳಿ ಅಟ್ಟಕ್ಕೇರಿಸಿದರು. ಒಬ್ಬ ಮಾತ್ರ, ನುಣುಪು ತೆಗೆದು ಬರೀ ಬೆರಳಿನ ದನಿ ಕೇಳಿಸಿ ಎಂದ. ಗುಬ್ಬಿ ನುಣುಪು ತೆಗೆದಳು. ಅಷ್ಟರಲ್ಲಿ ಪಾಳಿ ಮುಗಿಸಿ ಭಾವ ಬಂದ. ಬಸ್ಸಿನ ಗೇರು ಎಳೆದೆಳೆದು ಮರಗಟ್ಟಿದ ಕೈ. ಒಳ್ಳೆ ಗರಗಸವೇ ಸಿಗುತ್ತದೆಂದುಕೊಂಡಳು.

"ಭಾವ, ಇಲ್ಲೊಂದು ಗೆರೆ ಎಳೀರಿ."

"ಎಳೆದ್ರೆ ಏನು ಕೊಡ್ತೀಯ?" ಎನ್ನುತ್ತಲೇ ಎಳೆದ. ಗೆರೆ ನೂಲು ಹಿಡಿದಂತೆ ಹೋಯಿತು. "ನೋಡಮ್ಮ, ನಾವು ಅಡ್ಡಾದಿಡ್ಡಿ ಹೋದ್ರೆ ಬಸ್ಸಿನಲ್ಲಿ ಇರೋರೆಲ್ಲ ಹಳ್ಳಕ್ಕೆ!"

ಗುಬ್ಬಿ ತಾನೂ ಎಳೆದಳು. ಎಡಗೈಯಲ್ಲೂ ಎಳೆದಳು. ಚೂರು ಬಾಗಿತೇ ಹೊರತು ಹಲ್ಲು ಮೂಡಲಿಲ್ಲ. ಹಾಗಾದರೆ ಬೆಳಿಗ್ಗೆ ತಪ್ಪು ಫೋನಿನದಾಗಿರಲಿಲ್ಲ. ಚಪ್ಪಲಿ ಮೆಟ್ಟಿ ಅಂಗಡಿಗೆ ಓಡಿದಳು.

ಹಿಂದಿನ ಕೋಣೆಯ ಉದ್ದ ಮೇಜಿನ ಮೇಲೆ ಬೂದುಬಣ್ಣದ ಬಟ್ಟೆ ಹಾಸಿತ್ತು. ಸೀಮೆಸುಣ್ಣದ ಗುರುತು ಹಾಕಿಯಾಗಿತ್ತು. ಅಕ್ಕ ಕತ್ತರಿ ಮುಟ್ಟದೆ ಸುಮ್ಮನೆ ನಿಂತಿದ್ದಳು.

"ಕೈ ತೋರಿಸಕ್ಕ."

"ಚಾಡಿ ಹೇಳಿಬಿಡ್ತಾ ನಿನ್ನ ಫೋನು?" ಅಕ್ಕ ಬಲಗೈಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದಳು. "ಈ ನಡುಕ ನೀನು ಬರೋಕೆ ಮುಂಚಿನಿಂದಲೂ ಇದೆ ಕಣೇ. ಡಾಕ್ಟರ ಹತ್ರ ಹೋಗಿದ್ದೆ. ಜಾಸ್ತಿ ಆಗುತ್ತೆ, ಕಮ್ಮಿ ಆಗಲ್ಲ ಅಂದ್ರು. ಭಾವನ ಹತ್ರ ಉಸಿರೆತ್ತಬೇಡ."

"ಯಜಮಾನರಿಗೆ ಹೇಳ್ಬಿಡಕ್ಕ. ಬೇರೆ ಕೆಲಸ ಕೊಟ್ಟಾರು."

"ಕೊಡ್ತಾರೆ, ಕಸ ಗುಡಿಸೋದು! ಹುಚ್ಚಿ. ಕೈ ಹೋದಮೇಲೆ ಕಟಿಂಗ್ ಮಾಸ್ಟರಿಗೆ ಇನ್ನೇನಿದೆ?" ನಗಲು ನೋಡಿದಳು, ಆಗಲಿಲ್ಲ. "ಇಷ್ಟು ದಿನ ಕಷ್ಟದ್ದನ್ನೆಲ್ಲ ಬೇರೆಯವರಿಗೆ ದಾಟಿಸ್ತಿದ್ದೆ. ಬೆಳಿಗ್ಗೆ ನಿನ್ನ ಫೋನಲ್ಲಿ ನನ್ನ ಗೆರೆ ನೇರ ಬಂತಲ್ಲ... ವಾಸಿ ಆಯ್ತು ಅಂತ ನಂಬಿಬಿಟ್ಟೆ. ಅದೇ ಧೈರ್ಯದ ಮೇಲೆ ಈ ಕೋಟು ಒಪ್ಪಿಕೊಂಡೆ. ಇಷ್ಟೇ ಬಟ್ಟೆ ಇರೋದು, ಇನ್ನೊಂದು ತುಂಡು ಸಿಗಲ್ಲ."

ಗೆರೆ ನೇರ ಮಾಡಿದ್ದು ಆ್ಯಪಿನ ನುಣುಪೆಂದು ಹೇಳಲು ಗುಬ್ಬಿ ಬಾಯಿ ತೆರೆದಳು.

"ಮಾಸ್ಟರಮ್ಮಾ, ಆಯ್ತಾ?" ಯಜಮಾನರು ಹೊರಗಿನಿಂದ ಕೂಗಿದರು.

"ಆಗ್ತಾ ಇದೆ!" ಅಕ್ಕ ಎರಡೂ ಕೈಯಲ್ಲಿ ಕತ್ತರಿ ಎತ್ತಿಕೊಂಡಳು. "ಆ ಕಡೆ ಎಳೆದು ಹಿಡಿಯೇ. ಅಲ್ಲಾಡಿಸ್ಬೇಡ."

ಗುಬ್ಬಿ ಹಿಡಿದಳು. ಬೆನ್ನಿನ ಉದ್ದಕ್ಕೂ ಕತ್ತರಿ ಸರಿಯಾಗಿಯೇ ಬಂತು. ತೋಳಿನ ತಿರುವಿನಲ್ಲಿ ಗುರುತು ದಾಟಿ ಒಳಕ್ಕೆ ನುಗ್ಗಿತು. ಅಕ್ಕನಿಗೂ ಕಂಡಿತು. ಆದರೂ ಅವಳು ನಿಲ್ಲಿಸದೆ, ಬಟ್ಟೆ ಮುಗಿಯುವವರೆಗೂ ಕತ್ತರಿಸುತ್ತಲೇ ಹೋದಳು.