ನಲವತ್ತು ಜನಕ್ಕೆ ಒಂದೇ ನಂಬರು

ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷೀನಿನ ಮೋಟಾರು ಸುಟ್ಟುಹೋದದ್ದು ಮಂಗಳವಾರ. ಶಾಲೆಯ ಸಮವಸ್ತ್ರಗಳನ್ನು ಹೊಲಿದು ಕೊಡಬೇಕಾದದ್ದು ಇನ್ನೆರಡು ವಾರದಲ್ಲಿ. ಈ ವಾರದೊಳಗೆ ಹೊಸ ಮಷೀನು ಬರದಿದ್ದರೆ ಇನ್ನೂರು ಅಂಗಿ ಬೇರೆಯವರ ಪಾಲು, ಬರುವ ವರ್ಷದ ಆರ್ಡರೂ ಅವರ ಪಾಲು. ಮೂರನೇ ಮಹಡಿಯ ಟೈಲರಕ್ಕನಿಗೆ ಇದು ತಿಳಿಯಲು ಪಂಚಾಂಗ ನೋಡಬೇಕಾಗಿರಲಿಲ್ಲ.

ಸಾಲ ಕೊಡುವವನು ಬಾಗಿಲಿಗೇ ಬರುತ್ತಿದ್ದ. ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದುದರಿಂದ ಕಟ್ಟಡದವರು ಅವನಿಗೆ ಇಟ್ಟ ಹೆಸರೇ ಶುಕ್ರವಾರ. ನಗುನಗುತ್ತಾ ಕೊಟ್ಟು ನಗುನಗುತ್ತಲೇ ಚರ್ಮ ಸುಲಿಯುವ ಆಸಾಮಿ. ಎದುರು ಮನೆಯ ಪ್ಲಂಬರು ಅವನ ಹತ್ತಿರ ಫ್ರಿಜ್ಜಿಗೆಂದು ಸಾಲ ತೆಗೆದು, ಕೊನೆಗೆ ಫ್ರಿಜ್ಜನ್ನೂ ಅವನಿಗೇ ಕೊಟ್ಟು, ಇನ್ನೂ ಕಂತು ಕಟ್ಟುತ್ತಿದ್ದ.

ಅದಕ್ಕೇ, ಈ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ವಸತಿ ಸಂಘ ಕಡಿಮೆ ಬಡ್ಡಿಯ ಸಾಲ ಕೊಡುತ್ತದಂತೆ ಎಂದಾಗ ಟೈಲರಕ್ಕ ಎಲ್ಲರಿಗಿಂತ ಮೊದಲು ಹೆಸರು ಬರೆಸಿದ್ದಳು. ಅರ್ಜಿಯನ್ನು ಫೋನಿನಲ್ಲೇ ಹಾಕಬೇಕು, ಅದಕ್ಕೂ ಮೊದಲು ಆರು ದಿನದ ತರಬೇತಿ ಮುಗಿಸಬೇಕು. ಈ ವಯಸ್ಸಿಗೆ ಸ್ಕೂಲಿಗೆ ಹೊರಟವಳಿಗೆ ಡಬ್ಬಿ ಕಟ್ಟಿಕೊಡಲೇ ಎಂದು ಅತ್ತೆ ಕೆಣಕಿದ್ದಳು. ಕಟ್ಟಿಯೂ ಕೊಟ್ಟಿದ್ದಳು.

ತರಬೇತಿ ನಡೆದದ್ದು ನೆಲಮಾಳಿಗೆಯಲ್ಲಿ, ನೀರಿನ ಪಂಪಿನ ಪಕ್ಕದ ಕೋಣೆಯಲ್ಲಿ. ಅಲ್ಲಿ ಯಾರ ಫೋನಿಗೂ ಸಿಗ್ನಲ್ ಸಿಗುತ್ತಿರಲಿಲ್ಲ. ಖಾತೆ ತೆರೆಯುವ ಪಾಠದ ದಿನ ನಲವತ್ತು ಜನ ಓಟಿಪಿಗಾಗಿ ಕಾದರು. ಒಬ್ಬರಿಗೂ ಬರಲಿಲ್ಲ. ಮೇಲೆ ಒಂದೇ ಫೋನು ಹಿಡಿಸುವ ಸಣ್ಣ ಕಿಂಡಿಯಲ್ಲಿ ಇಟ್ಟಿದ್ದ, ಪಾಠ ಹೇಳುವ ಟೀಚರಮ್ಮನ ಫೋನಿಗೆ ಮಾತ್ರ ಸಿಗ್ನಲ್ ಇತ್ತು. ಸರಿ, ಸದ್ಯಕ್ಕೆ ಎಲ್ಲರೂ ನನ್ನ ನಂಬರನ್ನೇ ಹಾಕಿ, ಆಮೇಲೆ ಬದಲಾಯಿಸಿದರಾಯಿತು ಎಂದಳು ಆಕೆ. ಆ 'ಆಮೇಲೆ' ಬರಲೇ ಇಲ್ಲ. ಆರನೇ ದಿನ ಫೋಟೋ ತೆಗೆದರು, ಸರ್ಟಿಫಿಕೇಟು ಕೊಟ್ಟರು, ಟೀಚರಮ್ಮ ಬೇರೆ ಊರಿನ ತರಬೇತಿಗೆ ಹೋದಳು.

ಈಗ ಟೈಲರಕ್ಕ ಸಾಲದ ಪುಟ ತೆರೆದರೆ, ಈ ನಂಬರಿನಲ್ಲಿ ಈಗಾಗಲೇ ಒಬ್ಬ ಗ್ರಾಹಕರಿದ್ದಾರೆ ಎಂದು ಬಂತು. ಖಾತೆ ತೆರೆಯುವಾಗ ಬಾಯಿ ಮುಚ್ಚಿಕೊಂಡಿದ್ದ ಆ್ಯಪು ಸಾಲ ಕೇಳಿದೊಡನೆ ಕಣ್ಣು ಬಿಟ್ಟಿತ್ತು. ನಂಬರು ಬದಲಾಯಿಸಬೇಕೆಂದರೆ ಹಳೆಯ ನಂಬರಿಗೇ ಓಟಿಪಿ ಹೋಗಬೇಕು. ಟೀಚರಮ್ಮನನ್ನು ಹೇಗೋ ಹಿಡಿದು ಕೇಳಿದರೆ, ಆ ಸಿಮ್ಮು ಸಂಘದ್ದು, ಕೆಲಸ ಮುಗಿದ ದಿನವೇ ವಾಪಸು ಕೊಟ್ಟೆ ಎಂದು ಅಳುವ ದನಿಯಲ್ಲಿ ಹೇಳಿದಳು. ಸಹಾಯವಾಣಿಗೆ ಮಾಡಿದರೆ, ಹೆಚ್ಚಿನ ಸಹಾಯಕ್ಕೆ ಆ್ಯಪು ನೋಡಿ ಎಂದು ರೆಕಾರ್ಡು ಮಾಡಿದ ಹೆಂಗಸು ಮೂರು ಸಲ ಹೇಳಿದಳು.

ಗುರುವಾರ ಬೆಳಿಗ್ಗೆ ಟೈಲರಕ್ಕ ನೆಲಮಹಡಿಯಲ್ಲಿದ್ದ ಸಂಘದ ಕಚೇರಿಗೆ ಇಳಿದಳು. ಮ್ಯಾನೇಜರನ ಕುರ್ಚಿಯ ಹಿಂದೆ ಗೋಡೆಯ ಮೇಲೆ ಅವರದೇ ಫೋಟೋ: ನಲವತ್ತು ಜನ, ನಲವತ್ತು ಸರ್ಟಿಫಿಕೇಟು, ಕೆಳಗೆ ದಪ್ಪ ಅಕ್ಷರದಲ್ಲಿ 'ಶೇಕಡಾ ನೂರು ಸಾಧನೆ'.

"ತಪ್ಪು ನಿಮ್ಮದೇ ಅಲ್ವಾಮ್ಮ," ಎಂದ ಮ್ಯಾನೇಜರು. "ಬೇರೆಯವರ ನಂಬರು ಹಾಕಬಾರದು ಅಂತ ಪಾಠದಲ್ಲೇ ಹೇಳಿರ್ತಾರೆ."

"ಹೇಳಿದ್ರು ಸಾರ್. ಹೇಳ್ತಾ ಹೇಳ್ತಾನೇ ಹಾಕ್ಸಿದ್ರು."

ಅವನು ನಗಲಿಲ್ಲ. ಇದೆಲ್ಲ ಕೇಂದ್ರ ಕಚೇರಿಗೆ ಹೋಗಬೇಕು, ನಲವತ್ತೈದು ದಿನ ಹಿಡಿಯುತ್ತದೆ, ಅರ್ಜಿ ಬರೆದಿಟ್ಟು ಹೋಗಿ ಎಂದ. ಕಾಗದದ ಅರ್ಜಿ ತೆಗೆದುಕೊಳ್ಳುತ್ತೀರಾ ಎಂದು ಅವಳು ಕೇಳಿದ್ದಕ್ಕೆ, ಇಲ್ಲ, ಅದನ್ನೂ ಆ್ಯಪಿನಲ್ಲೇ ಬರೆಯಬೇಕು ಎಂದ.

ಟೈಲರಕ್ಕ ಗೋಡೆಯ ಕಡೆ ಕೈ ತೋರಿಸಿದಳು.

"ಫೋಟೋ ತೆಗೆಯೋವಾಗ ನಾವು ನಲವತ್ತು ಜನ ಇದ್ವಿ. ಸಾಲ ಕೇಳಿದ ಕೂಡ್ಲೇ ಒಬ್ರೇ ಆಗ್ಬಿಟ್ವಾ?"

ಇದೇ ತೊಂದರೆ ಹೇಳಿಕೊಳ್ಳಲು ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದ ತರಬೇತಿಯವರು ಇತ್ತ ತಿರುಗಿದರು. ಮ್ಯಾನೇಜರು ಎದ್ದು ಬಾಗಿಲು ಹಾಕಿಬಂದ. ದನಿ ತಗ್ಗಿಸಿ, ನಿಮ್ಮ ಕಷ್ಟ ಅರ್ಥವಾಗುತ್ತದೆ, ನಿಮ್ಮದೊಂದನ್ನು ನಾನೇ ಸರಿ ಮಾಡುತ್ತೇನೆ, ಆದರೆ ಯಾರ ಕಿವಿಗೂ ಬೀಳಬಾರದು ಎಂದ. ಅವಳು ತಲೆಯಾಡಿಸಿದಳು. ಅವನು ಅವಳ ನಂಬರು ಕೇಳಿ ಕಂಪ್ಯೂಟರಿನಲ್ಲಿ ಏನೋ ಒತ್ತಿದ, ಇನ್ನೇನೋ ಒತ್ತಿದ. ಅವಳ ಕೈಯಲ್ಲಿದ್ದ ಫೋನು ಗುರ್ರೆಂದಿತು. ನಿಮ್ಮ ನಂಬರು ಬದಲಾಗಿದೆ.

ಗಡಿಯಾರ ನೋಡಿದಳು. ಪೂರಾ ಎರಡು ನಿಮಿಷವೂ ಆಗಿರಲಿಲ್ಲ.

ಎದ್ದು ಹೋಗಬಹುದಿತ್ತು. ಮೇಲೆ ಹೋಗಿ ಅರ್ಜಿ ತುಂಬಿದ್ದರೆ ಶನಿವಾರಕ್ಕೆ ಮಷೀನು ಬರುತ್ತಿತ್ತು. ಆದರೆ ನಲವತ್ತೈದು ದಿನ ಅನ್ನುವ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತ್ತು. ಆ ನಲವತ್ತೈದು ದಿನದಲ್ಲಿ ಏಳು ಶುಕ್ರವಾರ ಬರುತ್ತವೆ, ಒಂದೊಂದು ಶುಕ್ರವಾರವೂ ಯಾರದೋ ಬಾಗಿಲು ತಟ್ಟುತ್ತದೆ. ಎರಡು ನಿಮಿಷದ ಕೆಲಸಕ್ಕೆ!

ಟೈಲರಕ್ಕ ಎದ್ದು ಬಾಗಿಲು ತೆರೆದಳು. ಪೂರ್ತಿ ತೆರೆದಳು.

"ಎಲ್ರೂ ಬನ್ನಿ," ಎಂದು ಬೆಂಚಿನವರನ್ನು ಕರೆದಳು. "ನಂಬರು ಇಲ್ಲೇ ಬದಲಾಯಿಸ್ತಾರಂತೆ. ಮೇಲಿನವರಿಗೂ ಹೇಳಿ."

ಮ್ಯಾನೇಜರನ ಮುಖ ಸುಣ್ಣ ಬಳಿದ ಹಾಗಾಯಿತು. ಮಾತಿಗೆ ತಪ್ಪಿದಿರಿ ಎಂದ. ಹೌದು ಸಾರ್, ತಪ್ಪಿದೆ ಎಂದು ಅವಳು ಒಪ್ಪಿಕೊಂಡಳು.

"ಹಾಗಾದ್ರೆ ನಿಮ್ಮದನ್ನೂ ಹಳೇ ನಂಬರಿಗೇ ಹಾಕ್ಬಿಡ್ತೀನಿ."

ಅವನ ಬೆರಳು ಕೀಬೋರ್ಡಿನ ಮೇಲೆಯೇ ಇತ್ತು. ಇನ್ನೂರು ಅಂಗಿ ಟೈಲರಕ್ಕನ ಕಣ್ಣ ಮುಂದೆ ತೂಗಾಡಿದವು. ಅಷ್ಟರಲ್ಲಿ ಬೆಂಚಿನವರು ಒಳಗೆ ಬಂದು ಮೇಜಿನ ಸುತ್ತ ನಿಂತಿದ್ದರು. ಅವಳು ಕಂಪ್ಯೂಟರಿನ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಮೆಲ್ಲಗೆ ಹೊರಳಿಸಿದಳು.

"ಹಾಕಿ ಸಾರ್. ಹೇಗೆ ಹಾಕ್ತೀರಿ ಅಂತ ನಾವೂ ಕಲೀತೀವಿ."

ನೆಲಮಾಳಿಗೆಯ ಪಂಪು ಶುರುವಾದದ್ದು ಕಾಲಡಿಗೆ ತಿಳಿಯಿತು. ಮ್ಯಾನೇಜರು ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದ, ಬೆರಳು ಹಿಂದಕ್ಕೆ ತೆಗೆದ, ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡ.

"ಯಾರು ಮೊದಲು?" ಎಂದ.

ಐದನೇ ಮಹಡಿಯ ನರ್ಸಮ್ಮ ಮುಂದೆ ಬಂದು ತನ್ನ ನಂಬರು ಹೇಳತೊಡಗಿದಳು. ಟೈಲರಕ್ಕ ಗೋಡೆಗೊರಗಿ ನಿಂತು, ಸಾಲದ ಪುಟ ತೆರೆದು, ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ತುಂಬಿದಳು. ನಂಬರಿನ ಜಾಗದಲ್ಲಿ ಈ ಸಲ ತನ್ನದನ್ನೇ ಹಾಕಿದಳು.