ಮೂರು ಹಲ್ಲಿನ ಫೋರ್ಕು

ಕಿಟಕಿಯ ಕಟ್ಟೆಯ ಮೇಲೆ ಯಾರದೋ ಊಟದ ಡಬ್ಬಿ, ಮುಚ್ಚಳದ ಮೇಲೆ ಬಿಳಿ ಪ್ಲಾಸ್ಟಿಕ್ ಫೋರ್ಕು, ಅದರದೊಂದು ಹಲ್ಲು ಮುರಿದಿದೆ, ಮುರಿದದ್ದು ಎಲ್ಲಿ ಹೋಯಿತು, ಡಬ್ಬಿಯ ಸೊಪ್ಪಿನಲ್ಲೋ ತಿಂದವರ ಹೊಟ್ಟೆಯಲ್ಲೋ — ಥೂ, ಈ ಹೊತ್ತಿನಲ್ಲೂ ಇದೇನು ಕೆದಕುವ ಚಾಳಿ ನಿನ್ನದು ಎಂದು ಕೋರಾ ತನ್ನನ್ನೇ ಬೈದುಕೊಂಡಳು, ಎದುರಿಗೆ ತನಿಖಾಧಿಕಾರಿ ಇನೆಜ್ ಮ್ಯಾಡಕ್ಸ್ ಪ್ರಶ್ನೆ ಕೇಳಿ ಮುಗಿಸಿ, ಕನ್ನಡಕ ಒರೆಸುತ್ತ ಕಾಯುತ್ತಿದ್ದಾಳೆ, ಅವಸರವೇ ಇಲ್ಲದವಳ ಹಾಗೆ, ಎಷ್ಟು ಸಣ್ಣ ಪ್ರಶ್ನೆ ನೋಡಿ, ಆ ದಿನ ಊಟದ ಕೋಣೆಯಲ್ಲಿ ಸಂಸದರು ಕೂತಿದ್ರಾ ನಿಂತಿದ್ರಾ, ಅಷ್ಟೇ. ಊರಲ್ಲಿ ಯಾರಿಗಾದರೂ ಹೇಳಿದರೆ ಬಿದ್ದು ಬಿದ್ದು ನಕ್ಕಾರು, ಆದರೆ ಈ ವಾಷಿಂಗ್ಟನ್ನಿನಲ್ಲಿ ಕೂರುವುದಕ್ಕೂ ನಿಲ್ಲುವುದಕ್ಕೂ ನಡುವೆ ಜೈಲಿನ ಗೋಡೆಯೇ ಇದೆ, ಸಂಸದರ ಕಚೇರಿಗೆ ಸಹಾಯಕಿಯಾಗಿ ಸೇರಿದ ಹೊಸದರಲ್ಲೇ ಪಾಠ ಮಾಡಿದ್ದರು, ಕಂಪನಿಗಳ ಪರ ವಶೀಲಿ ಮಾಡುವ ಲಾಬಿಯವರ ಪಾರ್ಟಿಯಲ್ಲಿ ನಿಂತುಕೊಂಡು, ಟೂತ್‌ಪಿಕ್ ಕಡ್ಡಿಯಲ್ಲಿ ಚುಚ್ಚಿಕೊಂಡು ಏನು ಬೇಕಾದರೂ ತಿನ್ನಿ, ತಪ್ಪಿಲ್ಲ, ಕುರ್ಚಿ ಎಳೆದು ಕೂತು ಫೋರ್ಕು ಹಿಡಿದಿರೋ ಅದು ಊಟ, ಅವರು ಹಾಕಿದ ಊಟ ಅಂದರೆ ಲಂಚ. ಎಷ್ಟು ಸಂಜೆ ಹಾಗೆ ನಿಂತೇ ಹೊಟ್ಟೆ ತುಂಬಿಸಿಕೊಂಡಿಲ್ಲ, ಸೀಗಡಿ, ಚೀಸಿನ ತುಂಡು, ಹಂದಿಮಾಂಸದ ಬೇಕನ್ ಸುತ್ತಿದ ಖರ್ಜೂರ, ಎಂಜಲು ಕಡ್ಡಿಗಳನ್ನೆಲ್ಲ ಕೋಟಿನ ಜೇಬಿಗೆ ತುರುಕಿಕೊಂಡು ಬಾಡಿಗೆ ಕೋಣೆಗೆ ಬಂದು ನೋಡಿದರೆ ಜೇಬು ಮುಳ್ಳುಹಂದಿ, ಆಗೆಲ್ಲ ಅವಳಿಗೆ ಒಂದೇ ಕುತೂಹಲ, ಆ ಪಾರ್ಟಿಗಳ ಹಿಂದೆ ಮುಚ್ಚಿದ ಬಾಗಿಲಿರುತ್ತದಲ್ಲ, ಅದರೊಳಗೆ ಕೂತವರು ಏನು ತಿನ್ನುತ್ತಾರೆ, ಏನು ಮಾತಾಡುತ್ತಾರೆ, ಒಂದೇ ಒಂದು ಸಲ ನೋಡಬೇಕು.

ನೋಡಿಯಾಯಿತಲ್ಲ, ಸಮಾಧಾನವಾಯಿತಾ? ಪಕ್ಕದಲ್ಲಿ ವಕೀಲ ಸ್ಟ್ರಾಬ್ ಪೆನ್ನಿನ ತುದಿಯನ್ನು ಟಕ್ ಟಕ್ ಒತ್ತುತ್ತಿದ್ದಾನೆ, ಹೆಸರಿಗೆ ಇವಳ ವಕೀಲ, ಗೊತ್ತು ಮಾಡಿದವರು ಬಾಸು, ಅದೇ ಸಂಸದರು, ಲಿಫ್ಟಿನಲ್ಲಿ ಮೇಲೆ ಬರುವಾಗ ಮೆಲ್ಲಗೆ ಹೇಳಿದ್ದ, ನೋಡಮ್ಮ, ಅವ್ರು ಬಾಗ್ಲ ಹತ್ರ ನಿಂತು ಒಂದು ಕಡ್ಡಿ ಸೀಗಡಿ ತಿಂದು ಹೊರಟ್ರು, ಆಮೇಲೆ ನೀನೂ ಆ ಲಾಬಿಯ ಪೆಲ್ಟಿಯರೂ ಏನ್ ಮಾತಾಡ್ಕೊಂಡ್ರಿ ಅವ್ರಿಗೇನ್ ಗೊತ್ತು, ಹುಡುಗಿ ಹುಮ್ಮಸ್ಸಲ್ಲಿ ಮಸೂದೆಗೆ ಒಂದು ಸಾಲು ಸೇರಿಸ್ಬಿಟ್ಳು ಅಂತ ತನಿಖೆಯವ್ರು ಛೀಮಾರಿ ಹಾಕಿ ಬಿಟ್ಬಿಡ್ತಾರೆ, ನಿನ್ನ ಮುಂದಿನ ದಾರಿ ಬಾಸು ನೋಡ್ಕೋತಾರೆ. ಅವರು ನಿಂತಿದ್ದರು ಎಂದು ಇವಳು ಹೇಳಿದರೆ ತಪ್ಪೆಲ್ಲ ಇವಳ ತಲೆಗೆ, ಕೂತಿದ್ದರು ಅಂದರೆ ಅವರು ಮುಳುಗಿದರು, ಇವಳೂ ಎಲ್ಲ ಗೊತ್ತಿದ್ದೇ ಬರೆದವಳಾದಳು. ಆ ಸಾಲು — ಅಬ್ಬಾ, ಬರೆಯುವಾಗ ಎಷ್ಟು ಮಜಾ ಬಂದಿತ್ತು, ನಾಚಿಕೆಯಾಗಬೇಕು ನಿನಗೆ, ಪೆಲ್ಟಿಯರ್ ಲಾಬಿ ಮಾಡುತ್ತಿದ್ದ ಧಾನ್ಯದ ಕಂಪನಿಗೆ ತೆರಿಗೆ ಮಾಫಿ ಆಗಬೇಕು, ಕಂಪನಿಯ ಹೆಸರು ಮಾತ್ರ ಮಸೂದೆಯಲ್ಲಿ ಬರಕೂಡದು, ಇವಳು ಬರೆದಳು, ಎರಡು ನದಿ ಕೂಡುವಲ್ಲಿ, ಉತ್ತರದ ದಂಡೆಯಲ್ಲಿ, ಮರದ ಗೋಡೆಯ ಕಣಜವುಳ್ಳ ಯಾವುದೇ ಸಂಸ್ಥೆಗೆ ಎಂದು, ಇಡೀ ಅಮೆರಿಕ ಜಾಲಾಡಿದರೂ ಅಂಥದ್ದು ಇರುವುದು ಒಂದೇ, ಗಂಡನ ಹೆಸರೆತ್ತದೆ ಗಂಡನನ್ನು ಕರೆಯುವ ಹಳೇ ಕಾಲದ ಹೆಂಗಸಿನ ಹಾಗೆ. ಪೆಲ್ಟಿಯರ್ ಚಪ್ಪಾಳೆ ತಟ್ಟಿದ್ದ, ಭಲೇ ಹುಡುಗಿ, ನಿನ್ ತಲೆ ನಮ್ಮಲ್ಲಿದ್ದಿದ್ರೆ ಚಿನ್ನದಲ್ಲಿ ತೂಗ್ತಿದ್ವಿ. ಆ ಬೇಸಿಗೆಯಲ್ಲೇ ಬಾಸಿನ ಭಾವಮೈದುನನಿಗೆ ಸರೋವರದ ದಂಡೆಯಲ್ಲಿ ಮನೆಯಾಯಿತು, ಗೃಹಪ್ರವೇಶಕ್ಕೆ ಇವಳೂ ಹೋಗಿದ್ದಳು, ಇದು ಯಾರ ದುಡ್ಡಲ್ಲಿ ಎಂದು ಕೇಳಬೇಕು ಅನ್ನಿಸಿತ್ತು, ಸಿಕ್ಕಸಿಕ್ಕಿದ್ದಕ್ಕೆಲ್ಲ ಪ್ರಶ್ನೆ ಕೇಳುವವಳು ಅದೊಂದನ್ನು ಕೇಳಲಿಲ್ಲ.

ಪ್ರಶ್ನೆ ಕೇಳಿದ್ದಕ್ಕೇ ಅಲ್ಲವೇ ಕೆಲಸ ಸಿಕ್ಕಿದ್ದು, ತನ್ನೂರು ಹಾರ್ಲನ್ಸ್ ಫೆರಿಯಲ್ಲಿ ಹಣ್ಣು ತುಂಬಿ ಬೇಯಿಸಿದ ಪೈ ಮಾರುವ ಆ ಅಂಗಡಿ, ಬೆಳಿಗ್ಗೆಯಿಂದ ದಾಲ್ಚಿನ್ನಿ ವಾಸನೆ, ಸಂಸದ ವಾಲೇಸ್ ಟ್ರಿಮ್ ಊರಿಗೆ ಬಂದಾಗಲೆಲ್ಲ ಮೂಲೆಯ ಮೇಜು, ಕಾಫಿ ಸುರಿಯುತ್ತ ಇವಳು ಕೇಳಿದ್ದಳು, ಸಾರ್, ನಮ್ಮ ಸೇತುವೆಗೆ ಬಣ್ಣ ಬಳಿಯೋಕೆ ವಾಷಿಂಗ್ಟನ್‌ನೋರು ಯಾಕೆ ಒಪ್ಪಿಗೆ ಕೊಡ್ಬೇಕು, ಬಣ್ಣ ನಮ್ದು, ಸೇತುವೆ ನಮ್ದು? ಅವರು ನಕ್ಕು ನಕ್ಕು ಕೆಮ್ಮಿ, ಇಷ್ಟು ಪ್ರಶ್ನೆ ಕೇಳೋಳು ಇಲ್ಲಿ ಪೈ ಹಂಚ್ಕೊಂಡಿದ್ರೆ ಹೆಂಗಮ್ಮ, ಬಾ, ಅಲ್ಲೇ ಬಂದು ಕೇಳು. ಅಮ್ಮ ಸತ್ತಾಗ ಹಿಮದಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಅವರು, ಶೂಸಿನೊಳಗೆ ನೀರು ಹೋಗಿ ನಡುಗುತ್ತಿದ್ದರೂ ಕೊನೆಯವರೆಗೆ ನಿಂತರು — ನಿಂತರು, ಹೌದು, ಅಲ್ಲಿ ನಿಂತಿದ್ದರು, ಈ ಋಣ ಹೇಗೆ ತೀರಿಸುವುದು, ಅವರನ್ನು ಕಂಡರೆ ಈಗಲೂ ಪ್ರೀತಿಯೇ, ಸಂಕಟದ ಪ್ರೀತಿ. ಹಾಗಾದರೆ ತಾನು ಕೆಟ್ಟದ್ದು ಯಾವಾಗ, ಇದೊಂದು ಗೊತ್ತಾಗಬೇಕು, ಸಾಲು ಬರೆದಾಗಲೇ, ಅದಕ್ಕೂ ಮುಂಚೆ ಆ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡಾಗಲೇ, ಕುರ್ಚಿಗೆ ಹಸಿರು ಚರ್ಮ, ಕೂತ ತಕ್ಷಣ ಉಸ್ಸೆಂದಿತು, ಪೆಲ್ಟಿಯರ್, ಕೂತ್ಕೋ ತಾಯಿ, ಕಾಲಿಗೆ ಬೇರು ಬಿಟ್ಟೀತು ಅಂದ, ಬಾಸು ಇನ್ನೂ ಬಂದಿರಲಿಲ್ಲ, ಅವರ ಜಾಗದಲ್ಲಿ ಬಿಳಿ ತಟ್ಟೆ, ಪಕ್ಕದಲ್ಲಿ ದೊಡ್ಡ ಬೆಳ್ಳಿ ಫೋರ್ಕು — ಅಯ್ಯೋ, ಅದು.

ಕೋರಾ? ಇನೆಜ್ ಮತ್ತೆ ಕೇಳಿದಳು, ಕೂತಿದ್ರಾ, ನಿಂತಿದ್ರಾ?

ಟಕ್ ಟಕ್, ಪೆನ್ನು, ಕಿಟಕಿಯಾಚೆ ಯಾವುದೋ ಸೈರನ್, ಹೊರಬರುವ ಮಾತು ಯಾವುದು ಎಂದು ತಿಳಿಯುವ ಆಸೆ ಅವಳಿಗೂ ಇತ್ತು, ತನ್ನದೇ ಬಾಯಿಯನ್ನು ಪಕ್ಕದವಳದೇನೋ ಎಂಬ ಹಾಗೆ ಕಾದು ನೋಡಿದಳು, ಬಂತು, ಕೂತಿದ್ರು. ಪೆನ್ನು ನಿಂತಿತು. ಸ್ಟ್ರಾಬ್ ಗಂಟಲು ಸರಿಮಾಡಿಕೊಂಡ, ಇನೆಜ್ ತಲೆಯೆತ್ತಿ, ಅಷ್ಟು ಖಚಿತವಾಗಿ ಹೆಂಗೆ ಹೇಳ್ತೀರಿ ಅಂದಳು. ಯಾಕೆಂದ್ರೆ ದೊಡ್ಡ ಫೋರ್ಕು ಅವ್ರ ಕಟ್ಟಿಸಿದ ಹಲ್ಲಿಗೆ ತಾಗುತ್ತೆ ಮೇಡಂ, ಏನೇ ತಿಂದ್ರೂ ಪೈ ತಿನ್ನೋ ಮೂರು ಹಲ್ಲಿನ ಪುಟ್ಟ ಫೋರ್ಕೇ ಬೇಕು, ನಮ್ಮಂಗಡೀಲಿ ಅವ್ರಿಗೆ ಅಂತಾನೇ ಒಂದು ಇಟ್ಟಿದ್ದೆ, ಅವತ್ತೂ ಅವ್ರು ಬರೋ ಮುಂಚೆ ಬಡಿಸೋನನ್ನ ಕರೆದು, ದೊಡ್ಡದನ್ನ ತೆಗೆಸಿ, ಚಿಕ್ಕದನ್ನ ತರಿಸಿ ಇಟ್ಟೆ, ಕೂತು ಅದ್ರಲ್ಲೇ ತಿಂದ್ರು. ಯಾರೂ ಹೇಳಿರ್ಲಿಲ್ಲ. ನಾನೇ ಇಟ್ಟೆ.

ಅಷ್ಟು ಹೇಳಿದ ಮೇಲೆ ತಿಳಿಯಿತು, ತಾನು ಕೆಟ್ಟದ್ದು ಯಾವಾಗ ಎಂದು ಹುಡುಕುತ್ತಿದ್ದದ್ದು ಇದೇ, ಬರೆದಾಗಲ್ಲ, ಕೂತಾಗಲೂ ಅಲ್ಲ, ಆ ಪುಟ್ಟದ್ದನ್ನು ತಟ್ಟೆಯ ಪಕ್ಕ ನೆಟ್ಟಗೆ ಮಾಡಿ, ಕರವಸ್ತ್ರದಲ್ಲಿ ಒರೆಸಿ, ಬಾಸಿಗೆ ಖುಷಿಯಾಗುತ್ತದೆ ಎಂದು ಹಿಗ್ಗಿದಾಗ, ಆಮೇಲೆ ಅವರು ಬಂದರು, ಕುರ್ಚಿ ಉಸ್ಸೆಂದಿತು, ಫೋರ್ಕು ನೋಡಿ ಇವಳತ್ತ ಕಣ್ಣು ಹೊಡೆದರು, ಮೀನು ಮುರಿದರು, ಪೆಲ್ಟಿಯರನ ಮಾತು ಕೇಳುತ್ತ ಕೇಳುತ್ತ ಅದನ್ನೆತ್ತಿ ನೇರ ಇವಳ ಕಡೆ ತೋರಿಸಿದರು, ಬರೆದ್ಬಿಡು ಪುಟ್ಟಿ — ಆಮೇಲೆ, ಆಮೇಲೆ ಏನಾಯಿತು ಎಂದು ಇನೆಜ್ ಕೇಳುತ್ತಿದ್ದಾಳೆ, ಕೇಳಿಸುತ್ತಿದೆ, ಕಣ್ಣ ಮುಂದೆ ಮಾತ್ರ ಬಾಸು ಎತ್ತಿದ ಕೈ ಅಲ್ಲೇ ಇದೆ, ಮೂರು ಹಲ್ಲು, ತುದಿಯಲ್ಲಿ ಬಿಳಿ ಮೀನಿನ ಚೂರು, ಚೂರಿನ ಕೆಳಗೆ ಬೆಣ್ಣೆಯ ಒಂದು ಹನಿ, ಬೀಳುವುದಿಲ್ಲ.